ವೈದ್ಯಮ್ಮ ‘ಹೂಂ’ ಅಂದಮೇಲೆ

ಮೊದಲು ಸೀನಿದವನು ದಫೇದಾರ. ಒಂದಲ್ಲ ಎರಡಲ್ಲ, ಟೋಪಿ ಉದುರಿ ಒರಳಿನ ಪಕ್ಕ ಬೀಳುವ ತನಕ ಸೀನಿದ. ಆಮೇಲೆ ಔಷಧಿ ಕುಟ್ಟುವ ಕುಟ್ಟಣ್ಣ, ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ, ಬಟ್ಟೆಯೊಳಗೇ ಸೀನಿದ. ಕಡೆಗೆ ಇನ್ಸ್‌ಪೆಕ್ಟರ್ ಸೀನಪ್ಪನಿಗೂ ತಡೆಯಲಾಗಲಿಲ್ಲ.

ಸೀನಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಒಂದು ಕಾಲದಲ್ಲಿ ಅವನಿಗೆ ಬೆಳಗಾದರೆ ಸೀನು, ಬೈಗಾದರೆ ಸೀನು. ಹೊಂಚು ಹಾಕಿ ಕೂತ ಜಾಗದಲ್ಲಿ ಸೀನಿ ಕಳ್ಳರನ್ನು ಓಡಿಸಿದ ಕೀರ್ತಿ ಇಡೀ ಇಲಾಖೆಯಲ್ಲಿ ಅವನೊಬ್ಬನದೇ. ನೌಕರಿಗೇ ಕುತ್ತು ಬಂದಾಗ ಈ ಮನೆಯ ವೈದ್ಯಮ್ಮ ಅವನನ್ನು ಅಂಗಾತ ಮಲಗಿಸಿ ಮೂಗಿಗೆ ಖಾರದ ಎಣ್ಣೆ ಬಿಟ್ಟಿದ್ದರು. ಕಣ್ಣು, ಕಿವಿ, ನೆತ್ತಿ ಎಲ್ಲ ಒಟ್ಟಿಗೆ ಹೊತ್ತಿಕೊಂಡ ಹಾಗಾಗಿ “ಸತ್ತೆ ಅಮ್ಮಾ” ಎಂದು ಕೂಗಿದವನ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು, “ನೀನು ಸಾಯಲ್ಲ ಕಣಪ್ಪ, ನಿನ್ನ ಸೀನು ಸಾಯುತ್ತೆ ಅಷ್ಟೆ” ಅಂದಿದ್ದರು. ಸೀನು ಸತ್ತಿತು. ಹೆಸರು ಮಾತ್ರ ಉಳಿದುಕೊಂಡಿತು.

ಇವತ್ತು ಆ ಸೀನು ಹಳೇ ನೆಂಟನ ಹಾಗೆ ಹೇಳದೆ ಕೇಳದೆ ಬಂದಿತ್ತು. ಕುಟ್ಟಣ್ಣ ಜರಡಿ ಹಿಡಿಯುತ್ತಿದ್ದದ್ದು ಹಿಪ್ಪಲಿ, ಮೆಣಸು, ಒಣಶುಂಠಿ ಸೇರಿಸಿ ಕುಟ್ಟಿದ ಪುಡಿ. ಕೋಣೆಯೆಲ್ಲ ಅದರ ಧೂಳು.

ಸೀನಪ್ಪ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು ನೋಡಿದ. ವೈದ್ಯಮ್ಮ ಜರಡಿಯ ಮೇಲೆಯೇ ಬಗ್ಗಿ, ಪುಡಿ ನುಣ್ಣಗಾಗಿದೆಯೋ ಇಲ್ಲವೋ ಎಂದು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ಧೂಳು ಅವರ ಮುಖದ ತುಂಬ ಕೂತಿತ್ತು. ಅವರು ಸೀನಲಿಲ್ಲ. ಕಣ್ಣನ್ನೂ ಮಿಟುಕಿಸಲಿಲ್ಲ.

“ಕುಟ್ಟಣ್ಣ, ಈ ಸೀನಿಗೆ ಆಮೇಲೆ ಏನಾದ್ರೂ ಕೊಡಪ್ಪ,” ಎಂದು ದಫೇದಾರ ಟೋಪಿ ಕೊಡವಿಕೊಂಡ.

“ಕೊಡೋಣ, ಕೊಡೋಣ,” ಅಂದ ಕುಟ್ಟಣ್ಣ.

ನಗುವ ಹೊತ್ತಲ್ಲ ಅದು. ವೈದ್ಯಮ್ಮನ ಒಬ್ಬನೇ ತಮ್ಮ, ಗಡಿಯಾರ ರಿಪೇರಿ ಮಾಡುತ್ತಿದ್ದವನು, ಎಲ್ಲರ ಬಾಯಲ್ಲೂ ‘ಗಡಿಯಾರದ ಮಾವ’, ಮೊನ್ನೆ ಈ ಮನೆಯಲ್ಲೇ ಭೇದಿ ಗುಳಿಗೆ ತಗೊಂಡು ಹೊತ್ತು ಇಳಿಯುವಷ್ಟರಲ್ಲಿ ಹೆಣವಾಗಿದ್ದ. ಹೊಟ್ಟೆಯಲ್ಲಿ ಶುದ್ಧಿ ಮಾಡದ ಜಾಪಾಳದ, ಅಂದರೆ ಭೇದಿಗೆ ಹಾಕುವ ಆ ಬೀಜದ, ವಿಷ ಸಿಕ್ಕಿತ್ತು. ಗುಳಿಗೆ ಕಟ್ಟಿದ್ದು ವೈದ್ಯಮ್ಮನ ಸೊಸೆ. ಸಂಜೆಯೊಳಗೆ ಅವಳನ್ನು ಜೀಪು ಹತ್ತಿಸು ಎಂದು ಸೀನಪ್ಪನಿಗೆ ಮೇಲಿನವರ ಅಪ್ಪಣೆ. ಅವಳ ಗಂಡ ವಕೀಲರ ಮನೆ ಬಾಗಿಲು ಕಾಯಲು ಹೋಗಿದ್ದ.

“ಜಾಪಾಳ ಶುದ್ಧಿ ಮಾಡೋದು ತೋರಿಸು ಅಂದಿದ್ದೆನಲ್ಲ,” ಎಂದ ಸೀನಪ್ಪ.

“ಒಲೆ ಮೇಲೆ ಇಟ್ಟಿದ್ದೀನಿ, ನೋಡಿ ಸಾಹೇಬ್ರೇ,” ಅಂದ ಕುಟ್ಟಣ್ಣ.

ಮೂಲೆಯ ಒಲೆಯ ಮೇಲೆ ಒಂದು ಪಾತ್ರೆ. ಪಾತ್ರೆಯ ಬಾಯಿಗೆ ಅಡ್ಡ ಕೋಲು, ಕೋಲಿನಿಂದ ಹಾಲಿನೊಳಗೆ ಇಳಿಬಿದ್ದ ಬಟ್ಟೆಯ ಗಂಟು. ಹಾಲು ಸಣ್ಣಗೆ ಕುದಿಯುತ್ತಿತ್ತು.

ಕುಟ್ಟಣ್ಣ ಒಂದು ಹಸಿ ಬೀಜ ಒಡೆದು ಅಂಗೈಯಲ್ಲಿ ಹಿಡಿದ. ಎರಡು ಬೇಳೆ, ನಡುವೆ ತೆಳ್ಳನೆಯ ಒಂದು ಎಸಳು. “ಇದಕ್ಕೆ ನಾವು ನಾಲಿಗೆ ಅಂತೀವಿ. ಉಗುರಲ್ಲಿ ಕಿತ್ತು ಹಾಕಬೇಕು. ಬಿಟ್ರೆ ಹೊಟ್ಟೆ ಒಳಗೆ ಹೋಗಿ ಮಾತಾಡುತ್ತೆ. ಆಮೇಲೆ ಹೀಗೆ ಗಂಟು ಕಟ್ಟಿ ಹಾಲಲ್ಲಿ ಕುದಿಸಬೇಕು. ಬೀಜದಲ್ಲಿ ಉಳಿದ ವಿಷ ಹಾಲಿಗೆ ಇಳಿಯುತ್ತೆ.”

“ಆ ಹಾಲು?”

“ಹಿತ್ತಲಲ್ಲಿ ಗುಂಡಿ ತೆಗೆದು ಹೂಳೋದು. ಬೆಕ್ಕು ನೆಕ್ಕಿದ್ರೂ ಅದರ ಕಥೆ ಮುಗೀತು. ಅದು ನನ್ನ ಕೆಲಸ, ಇನ್ನೊಬ್ಬರ ಕೈಗೆ ಬಿಡಲ್ಲ.”

“ಬೀಜ ಬಿಡಿಸೋದು?”

“ಸೊಸೆಯಮ್ಮಂದು,” ಎಂದು ಕುಟ್ಟಣ್ಣ ಒನಕೆ ಎತ್ತಿಕೊಂಡ. “ನಾವು ಕುಟ್ಟೋರು, ಕುಟ್ಟಿಕೊಂಡೇ ಇರಬೇಕು.”

ವೈದ್ಯಮ್ಮ ಪಕ್ಕದ ಒಲೆಯಿಂದ ಆಗಷ್ಟೇ ಇಳಿಸಿದ್ದ ಕಷಾಯವನ್ನು ಲೋಟಕ್ಕೆ ಬಗ್ಗಿಸಿಕೊಂಡು, ಸೆರಗಿನಲ್ಲಿ ಹಿಡಿದು, ಊದದೆ ಗುಟುಕರಿಸಿದರು. ಅವರ ಕೆಳತುಟಿಯ ಮೇಲೆ ಸುಟ್ಟು ಬೊಬ್ಬೆಯೆದ್ದು ಒಣಗಿದ ಗುರುತಿತ್ತು. ತುಟಿಯ ಅಂಚಿನಲ್ಲಿ ಮಧ್ಯಾಹ್ನದ ಅನ್ನದ ಅಗುಳೊಂದು ಹಾಗೇ ಅಂಟಿಕೊಂಡಿತ್ತು. ಮೊದಲೆಲ್ಲ ಬಟ್ಟೆಯ ಮೇಲೆ ಒಂದು ಕಲೆ ಇದ್ದರೂ ರೋಗಿಗಳ ಮುಂದೆ ಬರದ ಹೆಂಗಸು.

“ಹೊಟ್ಟೆ ಸರಿಯಿಲ್ಲ ಸೀನಪ್ಪ,” ಅಂದರು. “ಅವನು ಹೋದ ಸಂಜೆಯಿಂದ ನನಗೂ ಹೊಟ್ಟೆ ನಿಲ್ಲುತ್ತಿಲ್ಲ. ದುಃಖ ಕರುಳಿಗೆ ಇಳಿಯುತ್ತೆ ಅಂತಾರಲ್ಲ, ಅದೇ ಇರಬೇಕು.”

ಸೀನಪ್ಪನ ಎದೆಯೊಳಗೆ ಒಂದು ಅನುಮಾನ ಕೂತಿತ್ತು. ಅದು ಸುಳ್ಳಾಗಲಿ ಎಂದು ಅವನು ನಿಜವಾಗಿಯೂ ಬೇಡಿಕೊಂಡ.

*

ಸೊಸೆ ಬೇರು ನಾರು ಒಣಗಿಸುವ ಒಳಅಂಗಳದಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ಒಂದು ಬಟ್ಟೆಯ ಚೀಲ. ಹೊರಡಲು ಅವಳೇ ಸಿದ್ಧವಾಗಿದ್ದಳು.

“ನೀವು ಹೀಗೆ ಬಾಯಿಗೆ ಬೀಗ ಹಾಕಿ ಕೂತ್ರೆ ನಾನೇನು ಮಾಡ್ಲಿ ತಾಯಿ?” ಎಂದು ಸೀನಪ್ಪ ಎದುರಿನ ಕಟ್ಟೆಯ ಮೇಲೆ ಕೂತ.

“ಕರ್ಕೊಂಡು ಹೋಗಿ.”

“ಹಿಂದಿನ ದಿನ ಇದೇ ಅಂಗಳದಲ್ಲಿ ನೀವೂ ಗಡಿಯಾರದ ಮಾವನೂ ಜೋರಾಗಿ ಮಾತಾಡ್ತಿದ್ರಂತೆ. ‘ನಿಮ್ಮ ಜೀವಕ್ಕೆ ಏನಾದ್ರೂ ಆದ್ರೆ ನನ್ನ ಕೇಳಬೇಡಿ’ ಅಂದ್ರಂತೆ. ಕುಟ್ಟಣ್ಣ ಗೋಡೆ ಆಚೆಯಿಂದ ಕೇಳಿಸ್ಕೊಂಡಿದ್ದಾನೆ.”

“ಅಂದೆ.”

“ಯಾಕೆ ಅಂದ್ರಿ?”

ಅವಳು ಕಾಲಬೆರಳಿನಿಂದ ನೆಲ ಕೆರೆಯುತ್ತ ಕೂತಳು. ಅವಳ ಉಗುರುಗಳ ತುದಿ ಬೀಜದ ಎಣ್ಣೆ ಹಿಡಿದು ಕಪ್ಪಾಗಿತ್ತು. ಕಣ್ಣು ಅತ್ತು ಅತ್ತು ಊದಿತ್ತು. ಕೊಲೆ ಮಾಡಿದವರು ಅಳುವುದಿಲ್ಲ ಎಂದೇನಿಲ್ಲ, ಸೀನಪ್ಪ ಬೇಕಾದಷ್ಟು ಜನರನ್ನು ನೋಡಿದ್ದ. ಆದರೆ ಅವರು ಅಳುವುದು ಸಿಕ್ಕಿಬಿದ್ದದ್ದಕ್ಕೆ. ಇವಳ ಅಳು ಸತ್ತವನಿಗಾಗಿ.

“ಬೀಜ ಬಿಡಿಸುವಾಗ ಕೈತಪ್ಪಿತಾ? ಮರೆತು ಹಸಿ ಬೀಜ ಸೇರಿಹೋಯ್ತಾ? ಅಷ್ಟು ಹೇಳಿ ಸಾಕು, ನಾನು ಏನಾದ್ರೂ ದಾರಿ ಹುಡುಕ್ತೀನಿ.”

“ಕೈ ತಪ್ಪಲಿಲ್ಲ.” ಅವಳು ತಲೆಯೆತ್ತಿದಳು. “ಒಂದು ಉಪಕಾರ ಮಾಡಿ. ಅತ್ತೆಯವರನ್ನ ಏನೂ ಕೇಳಬೇಡಿ. ಅವರಿಗೆ ಏನೂ ಗೊತ್ತಿಲ್ಲ. ಅದೊಂದು ನಡೆಸಿಕೊಡಿ ಸಾಕು.”

ಅವಳು ಕೇಳಬೇಡಿ ಅಂದದ್ದೇ ಸೀನಪ್ಪನಿಗೆ ಕೇಳಲೇಬೇಕಾದ ಮಾತಾಯಿತು. ಪೊಲೀಸ್ ಬುದ್ಧಿ ಎಲ್ಲಿ ಹೋಗುತ್ತದೆ.

ಈ ಮನೆಯ ಪದ್ಧತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಉರಿಸುವ, ಸುಡುವ, ಕರುಳು ಕಿತ್ತು ಬರುವಂಥ ತೀಕ್ಷ್ಣವಾದ ಔಷಧಿ ಯಾವುದೇ ಆಗಲಿ, ಅದು ರೋಗಿಯ ಬಾಯಿಗೆ ಹೋಗುವ ಮುಂಚೆ ವೈದ್ಯಮ್ಮನ ನಾಲಿಗೆ ದಾಟಬೇಕು. ಔಷಧಿಯ ಮೇಲೆ ಕುಡಿಯುವ ಗಂಜಿಯಾದರೂ ಅಷ್ಟೆ. ಅವರು ತುದಿ ನಾಲಿಗೆಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ, ಒಂದು ಗಳಿಗೆ ತಡೆದು ‘ಹೂಂ’ ಅನ್ನಬೇಕು. ಆಮೇಲೆಯೇ ಲೋಟ ಕೈ ಬದಲಾಗುವುದು. ಎಷ್ಟೋ ರೋಗಿಗಳು ಔಷಧಿಗಿಂತ ಹೆಚ್ಚು ಆ ಹೂಂ ನಂಬಿ ಬರುತ್ತಿದ್ದರು. ಸೀನಪ್ಪನೂ ಅದನ್ನೇ ನಂಬಿ ಮೂಗು ಕೊಟ್ಟವನು.

ಹಸಿ ಜಾಪಾಳ ನಾಲಿಗೆಗೆ ಬಿದ್ದರೆ ಗಂಟಲ ತನಕ ಉರಿಯುತ್ತದೆ. ಆ ಗುಳಿಗೆಗೂ ವೈದ್ಯಮ್ಮ ಹೂಂ ಅಂದಿದ್ದರು. ಹಾಗಾದರೆ ಒಂದೋ ಅವರು ಗೊತ್ತಿದ್ದೇ ತಮ್ಮನಿಗೆ ವಿಷ ಕೊಟ್ಟರು, ಇಲ್ಲವೇ ಅವರ ನಾಲಿಗೆಗೆ ಏನೂ ಗೊತ್ತಾಗುತ್ತಿಲ್ಲ. ಸೊಸೆಗೆ ಅದು ತಿಳಿದಿದೆ. ಅತ್ತೆಯ ಮಾನ ಉಳಿಸಲು ಜೈಲಿಗೆ ಹೊರಟಿದ್ದಾಳೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಸೀನಪ್ಪನಿಂದ ಆಗದು. ಆದರೆ ಎತ್ತು ಯಾವುದು? ತನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ತಾಯಿ. ಸೊಸೆಯನ್ನು ಉಳಿಸಬೇಕಾದರೆ ಅತ್ತೆಯನ್ನು ಮುಳುಗಿಸಬೇಕು. ಈ ನೌಕರಿಗೆ ಸೇರಿದ ದಿನವನ್ನು ಅವನು ಮನಸ್ಸಿನಲ್ಲೇ ಶಪಿಸಿಕೊಂಡ.

ಒಳಗೆ ಒನಕೆಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಸೀನಪ್ಪ ಎದ್ದು ಕುಟ್ಟಣ್ಣನ ಹತ್ತಿರ ಹೋದ.

“ಒಂದು ಹಿಡಿ ಗೋಧಿ ಹಿಟ್ಟು ಕಂದು ಬಣ್ಣಕ್ಕೆ ಹುರಿದು ಕೊಡ್ತೀಯಾ? ನೋಡೋಕೆ ಈ ಪುಡಿ ಥರಾನೇ ಇರಬೇಕು.”

ಕುಟ್ಟಣ್ಣ ಮೂಗಿನ ಬಟ್ಟೆ ಇಳಿಸಿ ಒಮ್ಮೆ ಅವನ ಮುಖ ನೋಡಿದ. ಯಾಕೆ ಅಂತ ಕೇಳಲಿಲ್ಲ. ಬಾಣಲೆ ಇಟ್ಟ.

*

ವೈದ್ಯಮ್ಮ ರೋಗಿಗಳನ್ನು ನೋಡುವ ಕೋಣೆ ಬರಿದಾಗಿತ್ತು. ಸಾವಾದ ಮನೆಗೆ, ಅದೂ ಔಷಧಿಯಿಂದ ಸಾವಾದ ಮನೆಗೆ ಯಾರು ಬರುತ್ತಾರೆ. ಬೆಂಚುಗಳನ್ನು ಗೋಡೆಗೆ ಸರಿಸಿಟ್ಟಿದ್ದರು. ಗೋಡೆಯ ಗಡಿಯಾರ ಮಾತ್ರ ಓಡುತ್ತಿತ್ತು. ತಮ್ಮ ಕೀಲೆಣ್ಣೆ ಹಾಕಿ ಹೋಗಿದ್ದು.

ಸೀನಪ್ಪ ಕಾಗದದ ಪೊಟ್ಟಣವನ್ನು ಮುಂದಿಟ್ಟ.

“ಅಮ್ಮಾ, ಮತ್ತೆ ಸೀನು ಶುರುವಾಯ್ತು ನೋಡಿದ್ರಲ್ಲ. ಕುಟ್ಟಣ್ಣ ಈ ಪುಡಿ ಕೊಟ್ಟ. ಜೇನುತುಪ್ಪದಲ್ಲಿ ಕಲಸಿ ನೆಕ್ಕು ಅಂದ. ನೀವು ಹೂಂ ಅನ್ನದೆ ನಾನು ತಗೊಳ್ಳಲ್ಲ.”

“ಹುಚ್ಚಪ್ಪ,” ಎಂದು ಅವರು ನಕ್ಕರು. ಮೂರು ದಿನದಲ್ಲಿ ಮೊದಲ ನಗು. “ಇಷ್ಟು ದೊಡ್ಡ ಮೀಸೆ ಇಟ್ಕೊಂಡು ಇನ್ನೂ ಹೆದರ್ತೀಯಲ್ಲ. ಕೊಡು ಇಲ್ಲಿ.”

ಬೇಡ ಅಂತ ಹೇಳಿಬಿಡಲೇ ಎಂದುಕೊಂಡ. ಹೇಳಲಿಲ್ಲ.

ಅವರು ಚಿಟಿಕೆ ಪುಡಿಯನ್ನು ಬೆರಳ ನಡುವೆ ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚಿದರು. ಹಳೆಯ ಗತ್ತು, ಹಳೆಯ ಗಾಂಭೀರ್ಯ, ಒಂದೂ ಕಡಿಮೆಯಿಲ್ಲ.

“ಹೂಂ,” ಅಂದರು. “ಹಿಪ್ಪಲಿ ಒಂದು ಕೈ ಮುಂದಾಗಿದೆ. ಪರವಾಗಿಲ್ಲ. ಖಾರ ಇದ್ದಷ್ಟೂ ಒಳ್ಳೇದು ನಿನಗೆ.”

ಸೀನಪ್ಪ ತಲೆ ತಗ್ಗಿಸಿದ. ಗೆದ್ದವನ ಸಂತೋಷ ಎಲ್ಲಿ ಹೋಯಿತೋ. ಕಳ್ಳತನ ಮಾಡಿ ಸಿಕ್ಕಿಬಿದ್ದವನು ಅವನೇ ಅನ್ನಿಸಿತು.

“ಅಮ್ಮಾ, ಅದು ಹುರಿದ ಗೋಧಿ ಹಿಟ್ಟು.”

ವೈದ್ಯಮ್ಮನ ಬೆರಳು ತುಟಿಯ ಹತ್ತಿರವೇ ನಿಂತಿತು. ಅವರು ಪೊಟ್ಟಣವನ್ನು ನೋಡಿದರು, ಅವನನ್ನು ನೋಡಿದರು. ಬೈಯುತ್ತಾರೆ ಎಂದು ಅವನು ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಚೆನ್ನಾಗಿ ಕಲಿತಿದ್ದೀಯ ನಿನ್ನ ಕೆಲಸ,” ಅಂದರು ಮೆಲ್ಲಗೆ.

“ತಪ್ಪಾಯ್ತು ಅಮ್ಮಾ. ಬೇರೆ ದಾರಿ ಇರಲಿಲ್ಲ. ಯಾವಾಗಿಂದ?”

“ಹೋದ ಚಳಿಗಾಲದಲ್ಲಿ ಜ್ವರ ಬಂತಲ್ಲ, ಇಳಿಯುವಾಗ ಇದನ್ನೂ ಕಟ್ಟಿಕೊಂಡು ಹೋಯ್ತು. ಖಾರ ಇಲ್ಲ, ಕಹಿ ಇಲ್ಲ, ಸುಟ್ಟರೂ ಗೊತ್ತಾಗಲ್ಲ. ಬಾಯಲ್ಲಿ ಯಾರದೋ ನಾಲಿಗೆ ಇಟ್ಕೊಂಡ ಹಾಗಿದೆ. ಮೂಗೂ ಅಷ್ಟೆ. ನನಗೆ ನಾನೇ ಮೂಗಿಗೆ ಎಣ್ಣೆ ಬಿಟ್ಟು ಎಷ್ಟು ನಸ್ಯ ಮಾಡ್ಕೊಂಡೆ ಗೊತ್ತಾ? ಊರವರ ಮೂಗು ರಿಪೇರಿ ಮಾಡಿದೆ, ನಂದು ಆಗಲಿಲ್ಲ.”

“ಯಾರಿಗೂ ಯಾಕೆ ಹೇಳಲಿಲ್ಲ?”

“ಹೇಳಿದ ದಿನ ನಾನು ವೈದ್ಯಮ್ಮ ಅಲ್ಲ ಕಣಪ್ಪ. ಬರೀ ಮುದುಕಿ.” ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. “ತಮ್ಮನಿಗೆ ಮಾತ್ರ ಗೊತ್ತಿತ್ತು. ಒಂದು ದಿನ ಅವನು ಕೊಟ್ಟ ಕಾಫಿಗೆ ಸಕ್ಕರೆ ಹಾಕೋದು ಮರೆತಿದ್ದ. ನಾನು ಚೆನ್ನಾಗಿದೆ ಅಂದೆ. ಅವತ್ತಿಂದ ಹಿಂದೆ ಬಿದ್ದ. ಬಿಟ್ಟುಬಿಡು ಅಕ್ಕ, ಸೊಸೆ ಕಲಿತಿದ್ದಾಳೆ, ಅವಳ ಕೈಗೆ ಕೊಡು ಅಂತ. ಕೊಡ್ತೀನಿ, ಇನ್ನೊಂದು ತಿಂಗಳು ಹೋಗಲಿ ಅಂತ ದೂಡ್ತಾ ಬಂದೆ. ಅವಳು ಬೀಜ ಬಿಡಿಸೋದ್ರಲ್ಲಿ ಯಾವತ್ತೂ ತಪ್ಪು ಮಾಡಿದವಳಲ್ಲ. ಅವಳ ಕೈ ಮೇಲಿನ ನಂಬಿಕೆಯಿಂದಲೇ ನಾನು ಹೂಂ ಅಂತಿದ್ದೆ. ಅವತ್ತೂ ಅಂದೆ.”

ಗಡಿಯಾರದ ಕಡೆ ನೋಡಿದರು. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಮ್ಮನನ್ನ ಅಟ್ಟಿಬಿಟ್ಟೆ.”

ಕೈಯೂರಿ ಎದ್ದು ನಿಂತರು.

“ಎಲ್ಲಿಗೆ ಅಮ್ಮಾ?”

“ಜೀಪು ಎಲ್ಲಿ ನಿಲ್ಲಿಸಿದ್ದೀಯ? ಹುಡುಗಿ ಚೀಲ ಕಟ್ಟಿಟ್ಟುಕೊಂಡಿದ್ದಾಳಲ್ಲ, ಬಿಚ್ಚೋಕೆ ಹೇಳು. ಅವಳ ಕೈ ಒಂದು ಸಲ ತಪ್ಪಿರಬಹುದು. ತಪ್ಪು ಹಿಡಿಯೋದು ನನ್ನ ಕೆಲಸ. ಕೆಲಸ ಮಾಡದೆ ಮಾಡಿದ ಹಾಗೆ ನಟಿಸಿದವಳು ನಾನು. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿಲ್ಲ.”

“ಅತ್ತೆ, ಕೂತ್ಕೊಳ್ಳಿ.”

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೆನ್ನೆಯೆಲ್ಲ ಒದ್ದೆ.

“ಕೈ ತಪ್ಪಲಿಲ್ಲ ಅತ್ತೆ. ಬೇಕಂತಲೇ ಬಿಟ್ಟೆ.”

ಇವಳನ್ನು ಉಳಿಸಲೆಂದು ಸೀನಪ್ಪ ಆ ಮುದುಕಿಯ ಮರ್ಯಾದೆಯನ್ನು ಒಂದು ಪೊಟ್ಟಣ ಹಿಟ್ಟಿಗೆ ಮಾರಿದ್ದ. ಈಗ ಇವಳೇ ನಡೆದು ಬಂದು ಕೊರಳು ಕೊಡುತ್ತಿದ್ದಾಳೆ.

“ಯಾರು ಹೇಳಿದ್ರು ಬಿಡು ಅಂತ?” ಎಂದ.

“ಗಡಿಯಾರದ ಮಾವನೇ.” ಅವಳು ಅತ್ತೆಯ ಕಾಲ ಬಳಿ ಕುಸಿದು ಕೂತಳು. “ಅಂಗಳದಲ್ಲಿ ನಡೆದ ಜಗಳ ಅದೇ. ‘ಅಕ್ಕ ಯಾರ ಮಾತೂ ಕೇಳಲ್ಲಮ್ಮ. ಯಾರೋ ಹೊರಗಿನವರ ಪ್ರಾಣ ಹೋಗೋ ಮುಂಚೆ ನಾನೇ ಒಂದು ಹೊತ್ತು ಒದ್ದಾಡಿ ತೋರಿಸ್ತೀನಿ. ನನ್ನ ಗುಳಿಗೆಯಲ್ಲಿ ಒಂದೇ ಒಂದು ಬೀಜ ಹಾಗೇ ಬಿಡು. ಅಕ್ಕ ನಾಲಿಗೆಗೆ ಇಡ್ತಾಳೆ, ಗೊತ್ತಾಗಲ್ಲ, ಹೂಂ ಅಂತಾಳೆ. ನಾನು ನಾಲ್ಕು ಸಲ ಹೆಚ್ಚಿಗೆ ಓಡ್ತೀನಿ. ಗಂಜಿ ಬಿದ್ದ ಮೇಲೆ ನಿಲ್ಲುತ್ತೆ. ಸಂಜೆ ಅಕ್ಕನ್ನ ಒಬ್ಬಳೇ ಕೂರಿಸ್ಕೊಂಡು ಹೇಳ್ತೀನಿ, ನೋಡು, ನನ್ನ ಜಾಗದಲ್ಲಿ ಬಡಕಲು ರೋಗಿ ಇದ್ದಿದ್ರೆ ಏನಾಗ್ತಿತ್ತು ಅಂತ. ಆಗಲಾದ್ರೂ ಬಿಡ್ತಾಳೆ’ ಅಂದ್ರು. ನಾನು ಆಗಲ್ಲ ಅಂದೆ. ನಿಮ್ಮ ಜೀವಕ್ಕೆ ಏನಾದ್ರೂ ಆದ್ರೆ ನನ್ನ ಕೇಳಬೇಡಿ ಅಂತ ಕೂಗಾಡಿದೆ. ಕೊನೆಗೆ ಒಪ್ಪಿಬಿಟ್ಟೆ ಅತ್ತೆ. ನಿಮ್ಮ ಮುಂದೆ ನಿಂತು ಹೇಳೋ ಧೈರ್ಯ ನನಗಿರಲಿಲ್ಲ. ಅವರಿಗೆ ಇತ್ತು.”

ವೈದ್ಯಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. ಪಕ್ಕದ ಕೋಣೆಯಿಂದ ಒನಕೆಯ ಸದ್ದು ಬರುತ್ತಲೇ ಇತ್ತು.

“ಒಂದೇ ಬೀಜನಾ?”

“ನಿಮ್ಮ ಆಣೆ. ಒಂದೇ.”

“ಒಂದು ಬೀಜಕ್ಕೆ ಅವನು ಸಾಯಲ್ಲ.” ಅವರ ಧ್ವನಿ ಬದಲಾಗಿತ್ತು. ಅತ್ತೆ ಹೋಗಿ ವೈದ್ಯಮ್ಮ ಬಂದಿದ್ದರು. “ಗಟ್ಟಿ ಆಳು. ಒದ್ದಾಡ್ತಾನೆ, ಸುಸ್ತಾಗ್ತಾನೆ, ಬಿಸಿ ಗಂಜಿ ಕುಡಿಸಿದ್ರೆ ನಿಲ್ಲುತ್ತೆ. ಅವನ ಲೆಕ್ಕ ಸರಿಯಾಗೇ ಇತ್ತು. ಸೀನಪ್ಪ, ಅವನ ಹೊಟ್ಟೆಯಲ್ಲಿ ಎಷ್ಟು ಸಿಕ್ತು?”

ಸೀನಪ್ಪ ಎಚ್ಚೆತ್ತುಕೊಂಡ. ಹೆಣ ಕೊಯ್ದ ಡಾಕ್ಟರು ಹೇಳಿದ್ದು ಅವನ ಕಿವಿಯಲ್ಲಿತ್ತು. “ಒಂದು ಬೀಜದ ಮಾತೇ ಅಲ್ಲಮ್ಮ. ಒಂದು ಮುಷ್ಟಿ ಬೀಜದ ವಿಷ ಇಳಿದಿರಬೇಕು ಅಂದ್ರು. ಅಷ್ಟೂ ಒಂದು ಗುಳಿಗೆಯಲ್ಲಿ ಹೇಗೆ ಹಿಡಿಸಿದ್ರೋ ಅಂತ ಅವರಿಗೇ ಆಶ್ಚರ್ಯ.”

“ಹಿಡಿಸಲ್ಲ,” ಅಂದರು ವೈದ್ಯಮ್ಮ.

“ಗಂಜಿ ಕೊಟ್ಟಿದ್ರಾ?”

“ಕೊಟ್ಟೆ.” ಅವರು ಮಾತು ನಿಲ್ಲಿಸಿದರು. ಮುಖದ ಬಣ್ಣ ಇಳಿಯಿತು. “ನಾನೇ ಬಾಯಿಗಿಟ್ಟು ನೋಡಿ ಕೊಟ್ಟೆ.”

ವೈದ್ಯಮ್ಮ ಬೆಂಚಿನ ಮೇಲೆ ಕೂತರು.

“ಸೀನಪ್ಪ, ಮೊದಲ ಗುಟುಕಿಗೇ ತಮ್ಮ ಮುಖ ಕಿವುಚಿದ. ‘ಅಕ್ಕಾ, ಈ ಗಂಜಿ ಒಂಥರಾ ಇದೆ’ ಅಂದ. ಬಾಗಿಲಲ್ಲಿ ರೋಗಿಗಳು ನಿಂತು ನೋಡ್ತಿದ್ರು. ನಾನು ಗದರಿಸಿದೆ. ನಾನು ಹೂಂ ಅಂದಮೇಲೆ ಮುಗೀತು, ಸುಮ್ಮನೆ ಕುಡಿ ಅಂದೆ. ಅವನು ನನ್ನ ಮುಖವನ್ನೇ ನೋಡಿದ. ನನ್ನ ನಾಲಿಗೆ ಸತ್ತಿದೆ ಅಂತ ಅವನಿಗೆ ಗೊತ್ತಲ್ಲ. ಒಂದು ಮಾತು ಆಡಿದ್ರೆ ಸಾಕಿತ್ತು. ಅಷ್ಟು ಜನರ ಮುಂದೆ ಅಕ್ಕನ ಮರ್ಯಾದೆ ಹೋಗಬಾರದು ಅಂತ ಒಂದು ತೊಟ್ಟೂ ಬಿಡದೆ ಕುಡಿದ.”

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಳು ಬಂತು. ದೊಡ್ಡ ದನಿಯ ಅಳುವಲ್ಲ, ಕೆಮ್ಮಿನ ಹಾಗೆ ಒಣ ಅಳು. ಈ ಮನೆಯಲ್ಲಿ ಒಬ್ಬರನ್ನೊಬ್ಬರು ಉಳಿಸಲು ಹೋಗಿ ಎಲ್ಲರೂ ಒಂದೊಂದು ಸುಳ್ಳು ಹೇಳಿದ್ದರು. ಒಬ್ಬರಾದರೂ ಜಗಳವಾಡಿ ನಿಜ ಹೇಳಿದ್ದರೆ ಆ ಮನುಷ್ಯ ಇವತ್ತು ಅಂಗಡಿಯಲ್ಲಿ ಕೂತು ಯಾರದೋ ಗಡಿಯಾರ ಬಿಚ್ಚುತ್ತಿದ್ದ.

“ಒಂದು ಹನಿ ನಾನೂ ನುಂಗಿದ್ದೆ,” ಅಂದರು ವೈದ್ಯಮ್ಮ ಕೈ ತೆಗೆಯದೆ. “ಅವತ್ತು ಸಂಜೆಯಿಂದ ಹೊಟ್ಟೆ ಕೆಟ್ಟಿದ್ದು. ದುಃಖ ಅಂದುಕೊಂಡೆ. ವೈದ್ಯಮ್ಮ ಅಂತೆ ನಾನು.”

“ಗಂಜಿ ಹೇಗಿತ್ತಮ್ಮಾ ನೋಡೋಕೆ?”

“ಬೆಳ್ಳಗಿತ್ತು.”

“ಗಂಜಿ ತಿಳಿ ನೀರಿನ ಹಾಗಿರಬೇಕಲ್ಲ ಅತ್ತೆ,” ಎಂದಳು ಸೊಸೆ ನಿಧಾನವಾಗಿ. “ನೀವು ಯಾವಾಗಲೂ ತಿಳಿಯನ್ನೇ ಕೊಡೋದು.”

“ಬೆಳ್ಳಗಿತ್ತು ಕಣೇ. ಹಾಲಿನ ಹಾಗೆ.”

ಸೀನಪ್ಪನ ಕಣ್ಣ ಮುಂದೆ ಮೂಲೆಯ ಒಲೆ ಬಂತು. ಕುದಿಯುತ್ತಿದ್ದ ಹಾಲು, ಇಳಿಬಿದ್ದ ಗಂಟು. ‘ಅದು ನನ್ನ ಕೆಲಸ, ಇನ್ನೊಬ್ಬರ ಕೈಗೆ ಬಿಡಲ್ಲ.’ ಗೋಡೆ ಆಚೆಯಿಂದ ಜಗಳ ಕೇಳಿಸಿಕೊಂಡವನು ಅರ್ಧ ಮಾತನ್ನು ಮಾತ್ರ ಕೇಳಿಸಿಕೊಂಡನೇ? ಇಲ್ಲ, ಎಲ್ಲ ಕೇಳಿಸಿಕೊಂಡಿರಬೇಕು: ಅಕ್ಕನ ನಾಲಿಗೆ ಸತ್ತಿದೆ, ಔಷಧಿ ಕೆಲಸ ಸೊಸೆಯ ಕೈಗೆ ಹೋಗುತ್ತದೆ, ಕುಟ್ಟುವವನು ಕುಟ್ಟಿಕೊಂಡೇ ಇರಬೇಕು. ಹಿಟ್ಟು ಹುರಿದು ಕೊಡು ಅಂದರೆ ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ಅವನು ಕೇಳದಿದ್ದಾಗಲೇ ತಾನು ಕೇಳಬೇಕಿತ್ತು.

“ಗಂಜಿ ತಂದುಕೊಟ್ಟಿದ್ದು ಯಾರು?”

ಇಬ್ಬರೂ ಪಕ್ಕದ ಕೋಣೆಯ ಗೋಡೆಯನ್ನು ನೋಡುತ್ತಿದ್ದರು.

ಒನಕೆಯ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಅವರಾರಿಗೂ ಗೊತ್ತಾಗಿರಲಿಲ್ಲ.

ಸೀನಪ್ಪ ಬಾಗಿಲಿಗೆ ಹಾರಿದ. ಎದುರಿನಿಂದ ದಫೇದಾರ ನಡುಮನೆಯೊಳಗೆ ಕಾಲಿಡುತ್ತಿದ್ದ. ಕೈಯಲ್ಲಿ ಹಿತ್ತಾಳೆಯ ಲೋಟ. ಮೀಸೆಯ ಅಂಚು ಬೆಳ್ಳಗೆ.

“ಕುಟ್ಟಣ್ಣ ಎಲ್ಲಿ?”

“ಹಿತ್ತಲ ಕಡೆ ಹೋದ ಸಾರ್, ಗುಂಡಿ ತೆಗೆಯೋದಿದೆ ಅಂತ. ಒಳ್ಳೇ ಮನುಷ್ಯ. ಸೀನಿಗೆ ಬಿಸಿ ಹಾಲು ಒಳ್ಳೇದು ಅಂತ ಕೊಟ್ಟು ಹೋದ.” ದಫೇದಾರ ಗಂಟಲು ಸವರಿಕೊಂಡ. “ಬೆಲ್ಲ ಹಾಕಿದ್ದಾನೆ, ಆದ್ರೂ ಯಾಕೋ ಗಂಟಲು ಉರೀತಿದೆ ಸಾರ್.”

ಸೀನಪ್ಪನ ಕಾಲು ಹಿತ್ತಲ ಕಡೆಗೂ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ. ಜಾಪಾಳ ಕುದಿಸಿ ತೋರಿಸು ಅಂದವನು ಅವನೇ.

ವೈದ್ಯಮ್ಮ ಅವನನ್ನು ತಳ್ಳಿಕೊಂಡು ಬಂದು ಲೋಟ ಕಸಿದುಕೊಂಡರು. ಅರ್ಧ ಖಾಲಿಯಾಗಿತ್ತು. ಬೆರಳು ಅದ್ದಿದರು. ಎಷ್ಟೋ ವರ್ಷದ ಅಭ್ಯಾಸ, ಕೈ ತಾನಾಗಿಯೇ ತುಟಿಯ ತನಕ ಹೋಯಿತು. ಅಲ್ಲಿಗೆ ನಿಂತಿತು.

ಅವರು ಸೊಸೆಯ ಕಡೆ ತಿರುಗಿ ಲೋಟವನ್ನು ಅವಳ ಕೈಗೆ ಕೊಟ್ಟರು.

“ನೀನು ನೋಡು ಮಗಳೇ. ನೀನೇ ಹೇಳು.”

ಸೊಸೆ ಬೆರಳ ತುದಿಯನ್ನು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಕಣ್ಣು ಮುಚ್ಚಿದಳು. ದಫೇದಾರ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುತ್ತ, ನಗಲೋ ಬೇಡವೋ ಎಂಬಂತೆ ಅವಳನ್ನೇ ನೋಡುತ್ತಿದ್ದ.

ಅವಳು ಹೂಂ ಅನ್ನಲಿಲ್ಲ.